ಎಳೆಯರು, ನಗರಜೀವನ ಮತ್ತು ಅಪರಾಧ ನಿವಾರಣೆ

ಹೈದರಾಬಾದು-ಸಿಕಂದರಾಬಾದು ಅವಳಿ ನಗರಗಳಿಗೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಒಂದು ಶಾಶ್ವತವಾದ ಸ್ಥಾನವುಂಟು. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಎಂಬ ವೈದ್ಯನು ಮಲೇರಿಯಾ ರೋಗದ ಜೀವಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಮೊತ್ತಮೊದಲು ಕಂಡದ್ದು ಸಿಕಂದರಾಬಾದಿನಲ್ಲಿ. ಅದಕ್ಕೆ ಮೊದಲು ಈ ಜ್ವರವು ಕೆಟ್ಟ ಗಾಳಿಯಿಂದ ಬರುತ್ತದೆಂದು ಜನ ನಂಬಿದ್ದರು. ಜ್ವರ ಬಂದ ಮೇಲೆ ಕ್ವಿನೈನ್ ಕೊಡುವುದೊಂದೇ ತಿಳಿದಿದ್ದ ಉಪಾಯವಾಗಿತ್ತು. ರಾಸ್ ಅವರ ಶೋಧನೆಯಿಂದ ವೈದ್ಯರ ದೃಷ್ಟಿ ರೋಗಿಯ ಹಾಸಿಗೆಯಿಂದ ಮನೆಯ ಹಿಂದಿನ ನಿಂತ ನೀರಿನ ಕಡೆಗೆ ತಿರುಗಿತು. ಬಂದುದನ್ನು ಗುಣಪಡಿಸುವುದಕ್ಕಿಂತ ಬಾರದಂತೆ ತಡೆಯುವುದು ಸುಲಭವೆಂಬ ಅರಿವು ಅಲ್ಲಿಂದ ಬಲವಾಯಿತು.

ಅಪರಾಧದ ವಿಷಯದಲ್ಲಿ ಮಾತ್ರ ನಾವು ಇಂದಿಗೂ ಕ್ವಿನೈನ್ ಕಾಲದಲ್ಲಿಯೇ ಇದ್ದೇವೆ ಎನ್ನಬೇಕು. ಕಳವು ನಡೆದ ಮೇಲೆ ಪೊಲೀಸು, ಹೊಡೆದಾಟ ನಡೆದ ಮೇಲೆ ನ್ಯಾಯಾಲಯ, ಹುಡುಗ ಕೈತಪ್ಪಿದ ಮೇಲೆ ತಂದೆತಾಯಿಯರ ಕಣ್ಣೀರು. ಇವೆಲ್ಲ ಜ್ವರ ಬಂದ ಮೇಲಿನ ಮಾತು. ಇಲ್ಲಿ ಸೊಳ್ಳೆಗೆ ಹೋಲಿಸಬೇಕಾದದ್ದು ಹುಡುಗನನ್ನಲ್ಲ. ಅವನು ಜ್ವರಪೀಡಿತನ ಸ್ಥಾನದಲ್ಲಿದ್ದಾನೆ. ನಾವು ಹುಡುಕಬೇಕಾದದ್ದು ಅವನ ಸುತ್ತ ನಿಂತಿರುವ ನೀರನ್ನು.

ಆರೋಗ್ಯಶಾಸ್ತ್ರದಲ್ಲಿ ರೋಗನಿವಾರಣೆಯನ್ನು ಮೂರು ಹಂತಗಳಾಗಿ ವಿಂಗಡಿಸುತ್ತಾರೆ. ಎಲ್ಲರಿಗೂ ಶುದ್ಧ ನೀರು, ಲಸಿಕೆ ದೊರಕಿಸುವುದು ಮೊದಲನೆಯದು. ರೋಗಕ್ಕೆ ಸುಲಭವಾಗಿ ತುತ್ತಾಗುವವರನ್ನು ಗುರುತಿಸಿ ಕಾಪಾಡುವುದು ಎರಡನೆಯದು. ರೋಗ ತಗುಲಿದವರನ್ನು ಗುಣಪಡಿಸಿ, ಅದು ಮರುಕಳಿಸದಂತೆ ನೋಡಿಕೊಳ್ಳುವುದು ಮೂರನೆಯದು. ನಗರದ ಎಳೆಯರು ಅಪರಾಧದ ಹಾದಿ ಹಿಡಿಯದಂತೆ ತಡೆಯುವ ಕೆಲಸಕ್ಕೂ ಈ ಮೂರು ಹಂತಗಳು ಸರಿಯಾಗಿ ಹೊಂದುತ್ತವೆ. ದೂರದ ಊರುಗಳಿಂದ ಬಂದು ಈ ಮಹಾನಗರದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೆ ಈ ವಿಷಯ ಅತ್ಯಂತ ಹತ್ತಿರದ್ದು.

ವಯಸ್ಸು ಮತ್ತು ಅಪರಾಧ

ಲೋಕದ ಬಹುತೇಕ ದೇಶಗಳಲ್ಲಿ ಕಂಡುಬಂದಿರುವ ಒಂದು ಸಂಗತಿಯೆಂದರೆ, ಕಾನೂನು ಮೀರುವ ಪ್ರವೃತ್ತಿ ಹದಿಹರೆಯದಲ್ಲಿ ಏರುತ್ತ ಹೋಗಿ, ಇಪ್ಪತ್ತರ ಆಸುಪಾಸಿನಲ್ಲಿ ಶಿಖರ ಮುಟ್ಟಿ, ಅನಂತರ ತಾನಾಗಿಯೇ ಇಳಿಯುತ್ತದೆ. ಇದಕ್ಕೆ ದೇಹಶಾಸ್ತ್ರದ ಕಾರಣವೂ ಇದೆ. ಆವೇಗವನ್ನು ಹಿಡಿದು ನಿಲ್ಲಿಸುವ, ಮುಂದಾಗುವುದನ್ನು ಎಣಿಸುವ ಮಿದುಳಿನ ಮುಂಭಾಗವು ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಸುಮಾರಿಗೆ. ಸಾಹಸ, ಗೆಳೆಯರ ಮೆಚ್ಚುಗೆ, ತತ್‌ಕ್ಷಣದ ಸುಖ ಇವುಗಳಿಗೆ ಓಗೊಡುವ ಭಾಗಗಳಾದರೋ ಅದಕ್ಕೆ ಬಹಳ ಮೊದಲೇ ಚುರುಕಾಗಿರುತ್ತವೆ. ವೇಗ ಹೆಚ್ಚಿಸುವ ಸಾಧನ ಸಿದ್ಧವಾಗಿ, ತಡೆಯುವ ಬಿರಿ ಇನ್ನೂ ಜೋಡಣೆಯಾಗದ ಬಂಡಿಯಂತಿರುತ್ತದೆ ಆ ವಯಸ್ಸು. ಒಬ್ಬನೇ ಇದ್ದಾಗ ಹಿಂಜರಿಯುವ ಹುಡುಗನು ನಾಲ್ವರ ನಡುವೆ ಇದ್ದಾಗ ಹಿಂದೆಮುಂದೆ ನೋಡುವುದಿಲ್ಲ.

ಇಂಗ್ಲೆಂಡಿನಲ್ಲಿ ನಡೆದ ಒಂದು ದೀರ್ಘ ಅಧ್ಯಯನ ಇಲ್ಲಿ ಉಲ್ಲೇಖನೀಯ. ದಕ್ಷಿಣ ಲಂಡನ್ನಿನ ಕೆಲಸಗಾರರ ಬಡಾವಣೆಯೊಂದರ 411 ಹುಡುಗರನ್ನು 1961ರಿಂದ, ಅವರ ಎಂಟನೆಯ ವಯಸ್ಸಿನಿಂದ, ಕೇಂಬ್ರಿಜ್ ವಿಶ್ವವಿದ್ಯಾಲಯದ ವಿದ್ವಾಂಸರು ದಶಕಗಳ ಕಾಲ ಗಮನಿಸುತ್ತ ಬಂದರು. ಐವತ್ತು ವರ್ಷ ತುಂಬುವುದರೊಳಗೆ ಅವರಲ್ಲಿ ಶೇಕಡಾ 40ರಷ್ಟು ಮಂದಿ ಯಾವುದಾದರೊಂದು ಅಪರಾಧಕ್ಕೆ ಶಿಕ್ಷೆಗೊಳಗಾಗಿದ್ದರು. ಆದರೆ ಒಟ್ಟು ಅಪರಾಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಾಡಿದವರು ಶೇಕಡಾ 7ರಷ್ಟು ಮಂದಿ ಮಾತ್ರ. ಈ ಸಣ್ಣ ಗುಂಪಿನವರು ಎಳೆವಯಸ್ಸಿನಲ್ಲಿಯೇ ಆರಂಭಿಸಿ ಬಹುಕಾಲ ಮುಂದುವರಿಸಿದವರು.

ಇದರಿಂದ ಎರಡು ತಿಳಿವಳಿಕೆಗಳು ದೊರೆಯುತ್ತವೆ. ಒಮ್ಮೆ ತಪ್ಪಿದ ಹುಡುಗನಿಗೆ 'ಕಳ್ಳ', 'ಪುಂಡ' ಎಂಬ ಹಣೆಪಟ್ಟಿ ಕಟ್ಟಿದರೆ, ತಾನಾಗಿಯೇ ಸರಿಹೋಗಬಹುದಾಗಿದ್ದವನನ್ನು ನಾವೇ ಕೆಡಿಸಿದಂತಾಗುತ್ತದೆ. ಹತ್ತು ವರ್ಷದೊಳಗೇ ಕ್ರೌರ್ಯ, ಪದೇಪದೇ ಕಳವು, ಶಾಲೆಯಿಂದ ಓಡಿಹೋಗುವಿಕೆ ಮುಂತಾದ ಲಕ್ಷಣಗಳು ಒಟ್ಟಾಗಿ ಕಂಡುಬಂದ ಮಗುವನ್ನು 'ದೊಡ್ಡವನಾದ ಮೇಲೆ ಸರಿಹೋಗುತ್ತಾನೆ' ಎಂದು ಬಿಟ್ಟುಬಿಡುವುದೂ ಅಷ್ಟೇ ಅಪಾಯಕರ. ಹೆಚ್ಚಿನ ನೆರವು ಬೇಕಾದದ್ದು ಈ ಮಗುವಿಗೆ.

ಬೇರುಗಳು ಎಲ್ಲಿವೆ?

ಯಾವ ಒಂದು ಕಾರಣದಿಂದಲೂ ಹುಡುಗನೊಬ್ಬ ಅಪರಾಧಿಯಾಗುವುದಿಲ್ಲ. ಹಲವು ಕಾರಣಗಳು ಒಂದರ ಮೇಲೊಂದು ಕೂಡಿಕೊಂಡಾಗ ಅಪಾಯ ಬೆಳೆಯುತ್ತದೆ. ದಿನವೂ ಹೊಡೆತ ಬಡಿತಗಳನ್ನು ಕಾಣುವ ಮನೆ, ಕುಡಿತಕ್ಕೆ ಬಿದ್ದ ತಂದೆ, ಬೆಳಗಿನಿಂದ ರಾತ್ರಿಯವರೆಗೆ ದುಡಿಯಲೇಬೇಕಾದ್ದರಿಂದ ಮಗುವಿನ ಕಡೆ ನೋಡಲು ಬಿಡುವಿಲ್ಲದ ತಾಯಿ, ನಡುವೆ ನಿಂತುಹೋದ ಓದು, ಕೆಲಸವಿಲ್ಲದ ದೊಡ್ಡ ಹುಡುಗರ ಸಹವಾಸ, ಮಾದಕ ವಸ್ತುಗಳ ಸುಲಭ ಲಭ್ಯತೆ, ಇವು ಮುಖ್ಯವಾದವು.

ಇವುಗಳಲ್ಲಿ ಓದು ನಿಲ್ಲುವುದು ಒಂದು ತಿರುವು. ಶಾಲೆ ಬಿಟ್ಟ ಹುಡುಗನಿಗೆ ದಿನದಲ್ಲಿ ಎಂಟು ಗಂಟೆಗಳ ಬಿಡುವು ದೊರೆಯುತ್ತದೆ. ಅವನು ಬಂದನೇ, ಬರಲಿಲ್ಲವೇ ಎಂದು ಹಾಜರಿ ತೆಗೆದುಕೊಳ್ಳುವವರು ಯಾರೂ ಇರುವುದಿಲ್ಲ. ಓದಿನಲ್ಲಿ ಹಿಂದೆ ಬೀಳುವುದಕ್ಕೆ ಸೋಮಾರಿತನವೇ ಕಾರಣವೆಂದು ಹಿರಿಯರು ತಿಳಿಯುವುದುಂಟು. ಆದರೆ ಕಪ್ಪುಹಲಗೆ ಕಾಣದ ಕಣ್ಣು, ಮಂದವಾದ ಕಿವಿ, ಅಕ್ಷರಗಳು ತಲೆಕೆಳಗಾಗಿ ತೋರುವ ಕಲಿಕೆಯ ತೊಡಕು, ಒಂದೆಡೆ ಕೂರಲಾಗದ ಅತಿಚಟುವಟಿಕೆಯ ದೋಷ ಇವೂ ಕಾರಣವಾಗಿರಬಹುದು. ಒಂದು ಜೊತೆ ಕನ್ನಡಕದಿಂದ ಪರಿಹಾರವಾಗಬಹುದಾಗಿದ್ದ ತೊಂದರೆ, ಗಮನಿಸುವವರಿಲ್ಲದೆ ಶಾಲೆ ಬಿಡುವ ತನಕ ಬೆಳೆಯುವುದು ವಿಷಾದನೀಯ. ನಮ್ಮ ನಗರದಲ್ಲಿ ಇಂತಹ ಪರೀಕ್ಷೆಗೆ ಅನುಕೂಲಗಳಿಗೆ ಕೊರತೆಯಿಲ್ಲ: ಮಕ್ಕಳಿಗಾಗಿಯೇ ಇರುವ ನಿಲೋಫರ್ ಆಸ್ಪತ್ರೆ, ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ, ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳಿಗಾಗಿ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿರುವ ರಾಷ್ಟ್ರೀಯ ಸಂಸ್ಥೆ.

ಇಲ್ಲೊಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಅಪಾಯದ ಲಕ್ಷಣವು ಹಣೆಬರಹವಲ್ಲ. ಬಡತನದಲ್ಲಿ, ಕೊಳೆಗೇರಿಯಲ್ಲಿ, ಒಡೆದ ಸಂಸಾರದಲ್ಲಿ ಬೆಳೆದ ಮಕ್ಕಳಲ್ಲಿ ಹೆಚ್ಚಿನವರು ಮರ್ಯಾದೆಯಿಂದ ಬಾಳುತ್ತಾರೆ. ಹುಟ್ಟಿನಿಂದಲೇ ಅಪರಾಧಿಗಳನ್ನು ಗುರುತಿಸಬಹುದೆಂಬ ಭ್ರಮೆಯಿಂದ ನಮ್ಮ ದೇಶದಲ್ಲಿ ಎಂತಹ ಅನ್ಯಾಯವಾಯಿತೆಂಬುದಕ್ಕೆ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯೇ ಸಾಕ್ಷಿ. ಆ ಕಾಯಿದೆಯಂತೆ ಅನೇಕ ಅಲೆಮಾರಿ ಸಮುದಾಯಗಳನ್ನು ಸಾರಾಸಗಟಾಗಿ ಅಪರಾಧಿಗಳೆಂದು ದಾಖಲಿಸಿ, ಪೊಲೀಸರ ಕಾವಲಿನ ವಸಾಹತುಗಳಲ್ಲಿ ಇರಿಸಲಾಯಿತು. ಹುಬ್ಬಳ್ಳಿಯ 'ಸೆಟ್ಲ್‌ಮೆಂಟ್' ಎಂಬ ಹೆಸರು ಅಂತಹದೊಂದು ವಸಾಹತಿನಿಂದ ಉಳಿದುಬಂದದ್ದು. 1952ರಲ್ಲಿ ಆ ಕಾಯಿದೆ ದೇಶಾದ್ಯಂತ ರದ್ದಾದರೂ ಅದು ಅಂಟಿಸಿದ ಕಳಂಕ ತೊಳೆದುಹೋಗಲು ತಲೆಮಾರುಗಳೇ ಬೇಕಾದವು. ಆದುದರಿಂದ ಎರಡನೆಯ ಹಂತದ ನಿವಾರಣೆಯಲ್ಲಿ ಮಗುವನ್ನು ಗುರುತಿಸುವುದು ನೆರವು ನೀಡುವುದಕ್ಕಾಗಿಯೇ ಹೊರತು ಸಂಶಯದಿಂದ ಕಾಯುವುದಕ್ಕಾಗಿ ಅಲ್ಲವೆಂಬುದನ್ನು ಮರೆಯಬಾರದು.

ಹೈದರಾಬಾದಿನ ಅನುಭವ

2015ರ ಜನವರಿಯಲ್ಲಿ ಹೈದರಾಬಾದಿನ ಪೊಲೀಸರು ಹಳೆಯ ನಗರದಲ್ಲಿ ನಡೆಸಿದ ಶೋಧನೆಯಲ್ಲಿ ಬಳೆ ತಯಾರಿಸುವ ಮನೆಗಳಿಂದ 200ಕ್ಕೂ ಹೆಚ್ಚು ಮಕ್ಕಳನ್ನು ಬಿಡಿಸಿದರು. ಅವರಲ್ಲಿ ಬಹುಮಂದಿ ಬಿಹಾರದಿಂದ ಕರೆತಂದ ಬಾಲಕರು. ಚಾರ್ಮಿನಾರಿನ ಪಕ್ಕದ ಲಾಡ್ ಬಜಾರಿನಲ್ಲಿ ಹೊಳೆಯುವ ಬಳೆಗಳ ಹಿಂದೆ, ಗಾಳಿ ಬೆಳಕು ಸಾಲದ ಕೋಣೆಗಳಲ್ಲಿ ದಿನವಿಡೀ ದುಡಿಯುವ ಎಳೆಯ ಕೈಗಳಿವೆಯೆಂಬ ಕಟುಸತ್ಯ ಆಗ ನಾಡಿಗೆಲ್ಲ ತಿಳಿಯಿತು. ಅದೇ ವರ್ಷದಿಂದ ಕಳೆದುಹೋದ ಹಾಗೂ ದುಡಿಮೆಗೆ ಸಿಲುಕಿದ ಮಕ್ಕಳನ್ನು ಹುಡುಕುವ 'ಆಪರೇಷನ್ ಸ್ಮೈಲ್' ಮತ್ತು 'ಆಪರೇಷನ್ ಮುಸ್ಕಾನ್' ಎಂಬ ಕಾರ್ಯಾಚರಣೆಗಳು ದೇಶದಲ್ಲಿ ಆರಂಭವಾದವು. ತೆಲಂಗಾಣದ ಪೊಲೀಸರು ಇವನ್ನು ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ ನಡೆಸುತ್ತ ಬಂದಿದ್ದಾರೆ. ಮನೆಯವರಿಂದ ದೂರವಾಗಿ, ಯಜಮಾನನೊಬ್ಬನ ಅಂಕೆಯಲ್ಲಿ ಬೆಳೆಯುವ ಮಗುವು ಮೊದಲು ಅಪರಾಧಕ್ಕೆ ಬಲಿಯಾಗುತ್ತದೆ. ಅಲ್ಲಿಂದ ತಪ್ಪಿಸಿಕೊಂಡು ಬೀದಿಗೆ ಬಿದ್ದರೆ ಬದುಕುವುದಕ್ಕಾಗಿ ಅಪರಾಧದ ಪಾಲುದಾರನೂ ಆಗಬಹುದು. ಮಗುವನ್ನು ಕಾಪಾಡುವುದೂ ಅಪರಾಧವನ್ನು ತಡೆಯುವುದೂ ಬೇರೆ ಬೇರೆ ಕೆಲಸಗಳಲ್ಲ.

ಬಿಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬಿಡಿಸಿದ ಮಗು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ನಮ್ಮ ನೆರೆಹೊರೆಯಲ್ಲಿಯೇ ದೊರೆತ ಉತ್ತರ ಲೋಕಪ್ರಸಿದ್ಧವಾಗಿದೆ. 1981ರಲ್ಲಿ ಇತಿಹಾಸಜ್ಞ ಮಾಮಿಡಿಪೂಡಿ ವೆಂಕಟರಂಗಯ್ಯನವರ ಹೆಸರಿನಲ್ಲಿ ಸ್ಥಾಪಿತವಾದ ಎಂ.ವಿ. ಪ್ರತಿಷ್ಠಾನವು, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದ ಶಾಂತಾ ಸಿನ್ಹಾ ಅವರ ನೇತೃತ್ವದಲ್ಲಿ 1991ರಿಂದ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ದುಡಿಯುವ ಮಕ್ಕಳನ್ನು ಶಾಲೆಗೆ ತರುವ ಕೆಲಸಕ್ಕೆ ತೊಡಗಿತು. ಶಾಲೆಯಲ್ಲಿಲ್ಲದ ಪ್ರತಿಯೊಂದು ಮಗುವನ್ನೂ ದುಡಿಯುವ ಮಗುವೆಂದೇ ಎಣಿಸಬೇಕೆಂಬುದು ಅವರ ನಿಲುವು. ಅವರು ಕಂಡುಕೊಂಡ ಉಪಾಯ 'ಸೇತುಬಂಧ ಶಿಬಿರ'. ಹನ್ನೆರಡು ವರ್ಷದ ಹುಡುಗನನ್ನು ಒಂದನೆಯ ತರಗತಿಯಲ್ಲಿ ಚಿಕ್ಕ ಮಕ್ಕಳ ನಡುವೆ ಕೂರಿಸಿದರೆ ನಾಚಿಕೆಯಿಂದಲೇ ಓಡಿಹೋಗುತ್ತಾನೆ. ಅದಕ್ಕೆ ಬದಲಾಗಿ ಕೆಲವು ತಿಂಗಳು ಶಿಬಿರದಲ್ಲಿರಿಸಿ, ಆಟ, ಹಾಡು, ಓದು ಬರಹಗಳನ್ನು ವೇಗವಾಗಿ ಕಲಿಸಿ, ಅವನ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದರು. ಹಳ್ಳಿಯ ಯುವಕರೂ ಪಂಚಾಯಿತಿಯವರೂ ಶಿಕ್ಷಕರೂ ಕೂಡಿ, ಯಾವ ಮನೆಯ ಮಗು ಶಾಲೆಗೆ ಬರಲಿಲ್ಲವೆಂದು ವಿಚಾರಿಸುವ ಪದ್ಧತಿಯನ್ನು ಬೆಳೆಸಿದರು. ಹೀಗೆ ಲಕ್ಷಾಂತರ ಮಕ್ಕಳು ಶಾಲೆ ಸೇರಿದರು. 2003ರಲ್ಲಿ ಶಾಂತಾ ಸಿನ್ಹಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2007ರಲ್ಲಿ ಅವರು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷೆಯಾದರು. ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ, ಅದಕ್ಕೆ ಬೇಕಾದ ವಿಶೇಷ ಬೋಧನೆ ಎಂಬ ತತ್ತ್ವಕ್ಕೆ 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿ ಸ್ಥಾನ ದೊರೆತಿದೆ.

ಇನ್ನೊಂದು ಪ್ರಯತ್ನ ಪೊಲೀಸರದು. ಬೀದಿಯಲ್ಲಿ, ಬಸ್ಸಿನಲ್ಲಿ, ಕಾಲೇಜಿನ ಬಾಗಿಲಲ್ಲಿ ಹೆಣ್ಣುಮಕ್ಕಳನ್ನು ಪೀಡಿಸುವವರನ್ನು ಹಿಡಿಯಲು 2014ರ ಅಕ್ಟೋಬರ್ 24ರಂದು ಹೈದರಾಬಾದಿನಲ್ಲಿ 'ಷೀ ಟೀಮ್ಸ್' ಎಂಬ ದಳಗಳು ಆರಂಭವಾದವು. ಇವರ ಕೈಗೆ ಸಿಕ್ಕವರಲ್ಲಿ ಹದಿನೆಂಟು ತುಂಬದ ಹುಡುಗರೂ ಇರುತ್ತಾರೆ. ಅಂತಹವರನ್ನು ತಂದೆತಾಯಿಯರ ಎದುರಿಗೆ ಕೂರಿಸಿ ತಿಳಿವಳಿಕೆ ಹೇಳುವ ಕ್ರಮವನ್ನು ಇಲ್ಲಿ ಅನುಸರಿಸುತ್ತಾರೆ. ಮಗನ ವರ್ತನೆ ಮನೆಯವರಿಗೆ ತಿಳಿಯುವುದೇ ಅನೇಕ ವೇಳೆ ಆಗ.

ವ್ಯಸನವೂ ಹೊಸ ಬಲೆಗಳೂ

ಅನುಕೂಲಸ್ಥರ ಮನೆಗಳಿಗೆ ಈ ಭಯವಿಲ್ಲವೆಂದು ಯಾರೂ ತಿಳಿಯಬಾರದು. 2017ರಲ್ಲಿ ತೆಲಂಗಾಣದ ಅಬಕಾರಿ ಇಲಾಖೆ ನಡೆಸಿದ ತನಿಖೆಯಲ್ಲಿ ಎಲ್.ಎಸ್.ಡಿ. ಎಂಬ ಮಾದಕ ವಸ್ತುವು ನಗರದ ಒಳ್ಳೆಯ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳನ್ನೂ ಮುಟ್ಟಿತ್ತೆಂಬುದು ಬೆಳಕಿಗೆ ಬಂತು. ಬೀದಿಯ ಮಕ್ಕಳಲ್ಲಿ ಪಂಕ್ಚರು ಹಾಕುವ ಅಂಟನ್ನು ಮೂಸುವ ಚಟ, ತರುಣರಲ್ಲಿ ಗಾಂಜಾ, ಹಣವುಳ್ಳವರಲ್ಲಿ ಅಂಚೆಯ ಮೂಲಕ ತರಿಸುವ ರಾಸಾಯನಿಕಗಳು: ರೂಪ ಬೇರೆಯಾದರೂ ಹಾದಿ ಒಂದೇ. ಚಟಕ್ಕೆ ಹಣ ಬೇಕು. ಹಣಕ್ಕೆ ಮೊದಲು ಮನೆಯ ಕಪಾಟು, ಆಮೇಲೆ ಹೊರಗಿನವರ ಜೇಬು, ಕೊನೆಗೆ ಇತರ ಹುಡುಗರಿಗೆ ಅದೇ ವಸ್ತುವನ್ನು ಮಾರುವ ಕೆಲಸ.

ಗಮನಿಸಬೇಕಾದ ಚಿಹ್ನೆಗಳು ಇವು: ಹಳೆಯ ಗೆಳೆಯರನ್ನು ತಟ್ಟನೆ ಬಿಟ್ಟು ಹೆಸರು ಹೇಳದ ಹೊಸಬರನ್ನು ಸೇರುವುದು, ನಿದ್ದೆ, ಊಟಗಳ ಹೊತ್ತು ಬದಲಾಗುವುದು, ಕೆಂಪಾದ ಕಣ್ಣು, ತೂಕ ಇಳಿಯುವುದು, ಆಟ ಪಾಠಗಳಲ್ಲಿದ್ದ ಆಸಕ್ತಿ ಒಮ್ಮೆಗೇ ಕುಗ್ಗುವುದು, ಕೈಯಲ್ಲಿ ಲೆಕ್ಕಕ್ಕೆ ಸಿಗದ ಹಣ ಓಡಾಡುವುದು, ಅಥವಾ ಮನೆಯಲ್ಲಿ ಹಣ ಕಾಣೆಯಾಗುವುದು. ಇವುಗಳಲ್ಲಿ ಒಂದೊಂದೇ ಇದ್ದರೆ ವಯಸ್ಸಿನ ಸ್ವಭಾವವಿರಬಹುದು. ಮೂರು ನಾಲ್ಕು ಕೂಡಿಬಂದರೆ ವೈದ್ಯರನ್ನು ಕಾಣುವುದು ಮೇಲು. ವ್ಯಸನವು ಚಿಕಿತ್ಸೆಯಿಂದ ಹತೋಟಿಗೆ ಬರುವ ಕಾಯಿಲೆ. ಎರ್ರಗಡ್ಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗೆ ಹೋಗಲು ನಾಚಬೇಕಾದ ಕಾರಣವೇನೂ ಇಲ್ಲ. ವ್ಯಸನಮುಕ್ತಿಗಾಗಿ ರಾಷ್ಟ್ರೀಯ ಸಹಾಯವಾಣಿ 14446, ಮನೋಸ್ವಾಸ್ಥ್ಯದ ಸಲಹೆಗಾಗಿ 14416 ಇವೆ. ಪೊಲೀಸರ ಭಯದಿಂದ ಚಿಕಿತ್ಸೆಯನ್ನು ಮುಂದೂಡುವವರು ಒಂದು ಮಾತನ್ನು ತಿಳಿದಿರಬೇಕು: ಸ್ವಂತ ಬಳಕೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ, ಮಾದಕ ವಸ್ತುಗಳ ಕಾಯಿದೆಯ 64ಎ ವಿಧಿಯಂತೆ ಮೊಕದ್ದಮೆಯಿಂದ ವಿನಾಯಿತಿ ದೊರೆಯುವ ಅವಕಾಶವುಂಟು.

ಈಚಿನ ವರ್ಷಗಳಲ್ಲಿ ಮೊಬೈಲಿನ ಮೂಲಕ ಹರಡಿರುವ ಬಲೆ ಇನ್ನೊಂದು ಬಗೆಯದು. ಓದುವ ಹುಡುಗನಿಗೆ 'ನಿನ್ನ ಬ್ಯಾಂಕು ಖಾತೆಯನ್ನು ಕೆಲವು ದಿನ ಬಳಸಲು ಕೊಡು, ಸಾವಿರಾರು ರೂಪಾಯಿ ಕೊಡುತ್ತೇವೆ' ಎಂದು ಆಸೆ ಹುಟ್ಟಿಸುತ್ತಾರೆ. ಎಲ್ಲಿಯೋ ಒಬ್ಬ ವೃದ್ಧರಿಂದ ವಂಚಿಸಿ ಪಡೆದ ಹಣ ಆ ಖಾತೆಯ ಮೂಲಕ ಹಾದುಹೋಗುತ್ತದೆ. ಮೂಲ ವಂಚಕನು ಕಣ್ಮರೆಯಾಗುತ್ತಾನೆ. ಪೊಲೀಸರು ಬರುವುದು ಖಾತೆಯಲ್ಲಿ ಹೆಸರಿರುವ ಹುಡುಗನ ಬಾಗಿಲಿಗೆ. ಖಾತೆ, ಎ.ಟಿ.ಎಂ. ಕಾರ್ಡು, ಸಿಮ್ ಇವನ್ನು ಯಾರಿಗೂ ಬಾಡಿಗೆಗೆ ಕೊಡಬಾರದೆಂದು ಮನೆಯಲ್ಲಿ ಒಮ್ಮೆ ಸ್ಪಷ್ಟವಾಗಿ ಹೇಳಿದರೂ ಎಷ್ಟೋ ಅನಾಹುತ ತಪ್ಪುತ್ತದೆ. ವಂಚನೆಗೆ ಒಳಗಾದವರು ತಡಮಾಡದೆ 1930ಕ್ಕೆ ದೂರು ಕೊಡಬೇಕು.

ಹೆದರಿಸಿದರೆ ಸಾಕೇ?

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ಹಿರಿಯರು ಬೆತ್ತ ಹಿಡಿದಾಗಲೇ ನೆನೆಯುವುದು ಹೆಚ್ಚು. ಗಿಡವನ್ನು ಬಗ್ಗಿಸುವುದು ಬೇರೆ, ಮುರಿಯುವುದು ಬೇರೆ. ಅಮೆರಿಕದ ನ್ಯೂಜೆರ್ಸಿಯ ರಾವೇ ಸೆರೆಮನೆಯಲ್ಲಿ 1970ರ ದಶಕದಲ್ಲಿ ಒಂದು ಪ್ರಯೋಗ ನಡೆಯಿತು. ದಾರಿತಪ್ಪುತ್ತಿದ್ದ ಹುಡುಗರನ್ನು ಜೀವಾವಧಿ ಶಿಕ್ಷೆಯ ಕೈದಿಗಳ ಎದುರು ನಿಲ್ಲಿಸಿ, ಸೆರೆಮನೆಯ ಬಾಳನ್ನು ಬಣ್ಣಿಸಿ ಗದರಿಸಿ ಹೆದರಿಸುವುದು ಅದರ ಕ್ರಮ. ಜನ ಮೆಚ್ಚಿದರು, ಚಲನಚಿತ್ರವೂ ಬಂದಿತು. ಆದರೆ ಇಂತಹ ಒಂಬತ್ತು ಪ್ರಯೋಗಗಳನ್ನು ಅನಂತರ ವಿದ್ವಾಂಸರು ತೂಗಿನೋಡಿದಾಗ, ಹೀಗೆ ಹೆದರಿಸಿಕೊಂಡ ಹುಡುಗರೇ ಇತರರಿಗಿಂತ ಹೆಚ್ಚು ಅಪರಾಧ ಮಾಡಿದ್ದು ಕಂಡುಬಂತು.

ಹಾಗಾದರೆ ಫಲ ಕೊಟ್ಟದ್ದು ಯಾವುದು? ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿ ಎಂಬ ಊರಿನಲ್ಲಿ 1962ರಿಂದ 1967ರವರೆಗೆ 123 ಬಡ ಮಕ್ಕಳನ್ನು ಆರಿಸಿ, 58 ಮಂದಿಗೆ ಮೂರು ನಾಲ್ಕನೆಯ ವಯಸ್ಸಿನಲ್ಲಿ ಉತ್ತಮ ಶಿಶುವಿಹಾರದ ಶಿಕ್ಷಣ ಕೊಟ್ಟರು. ಶಿಕ್ಷಕಿಯರು ವಾರಕ್ಕೊಮ್ಮೆ ಮನೆಗೂ ಹೋಗಿ ತಾಯಿಯೊಡನೆ ಮಾತನಾಡುತ್ತಿದ್ದರು. ನಲವತ್ತು ವರ್ಷ ತುಂಬುವ ಹೊತ್ತಿಗೆ ಐದು ಅಥವಾ ಹೆಚ್ಚು ಸಲ ಬಂಧನಕ್ಕೊಳಗಾದವರು ಈ ಗುಂಪಿನಲ್ಲಿ ಶೇಕಡಾ 36, ಶಿಶುವಿಹಾರ ಕಾಣದ ಗುಂಪಿನಲ್ಲಿ ಶೇಕಡಾ 55. ಮೊದಲ ಹಂತದ ನಿವಾರಣೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಮ್ಮ ಅಂಗನವಾಡಿಯ ಬೆಲೆಯನ್ನು ಇದರಿಂದ ಅರಿಯಬಹುದು. ಷಿಕಾಗೋ ನಗರದಲ್ಲಿ 2012ರ ಬೇಸಿಗೆಯಲ್ಲಿ, ಹಿಂಸೆ ಹೆಚ್ಚಿದ್ದ ಬಡಾವಣೆಗಳ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಎಂಟು ವಾರಗಳ ಸಣ್ಣ ಉದ್ಯೋಗವನ್ನೂ ಜೊತೆಗೆ ಒಬ್ಬ ಹಿರಿಯರ ಮಾರ್ಗದರ್ಶನವನ್ನೂ ಒದಗಿಸಿದರು. ಮುಂದಿನ ಹದಿನಾರು ತಿಂಗಳಲ್ಲಿ ಅವರಲ್ಲಿ ಹಿಂಸಾಪರಾಧದ ಬಂಧನಗಳು ಶೇಕಡಾ 43ರಷ್ಟು ಕಡಮೆಯಾದವು. ಕೆಲಸ ಮುಗಿದ ಮೇಲೂ ಫಲ ಉಳಿದದ್ದನ್ನು ಗಮನಿಸಬೇಕು. ಕೈಗೆ ಕೆಲಸ, ಕಿವಿಗೆ ಒಂದು ಹಿತವಚನ, ಬೆನ್ನ ಹಿಂದೆ ಒಬ್ಬರಿದ್ದಾರೆಂಬ ನಂಬಿಕೆ ಇಷ್ಟರಿಂದ ಆದ ಬದಲಾವಣೆ ಇದು.

ಕಾನೂನಿನ ದೃಷ್ಟಿ

ಕೈತಪ್ಪಿದ ಮಗುವನ್ನು ಮರಳಿ ತರುವ ಮೂರನೆಯ ಹಂತಕ್ಕೆ ನಮ್ಮ ಕಾಯಿದೆಯೂ ಇದೇ ದಾರಿಯಲ್ಲಿ ನಡೆದಿದೆ. 2015ರ ಬಾಲನ್ಯಾಯ ಕಾಯಿದೆ 2016ರ ಜನವರಿ 15ರಿಂದ ಜಾರಿಯಲ್ಲಿದೆ. ಹದಿನೆಂಟು ತುಂಬದವರೆಲ್ಲ ಅದರ ದೃಷ್ಟಿಯಲ್ಲಿ ಮಕ್ಕಳೇ. ಅದು 'ಅಪರಾಧಿ ಬಾಲಕ' ಎನ್ನುವುದಿಲ್ಲ, 'ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು' ಎನ್ನುತ್ತದೆ. ಓದುಗರು ತಿಳಿದಿರಬೇಕಾದ ಮುಖ್ಯಾಂಶಗಳು ಹೀಗಿವೆ. ಮಗುವನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇರಿಸುವಂತಿಲ್ಲ, ಕೈಕೋಳ ತೊಡಿಸುವಂತಿಲ್ಲ. ಹಿಡಿದ ಸಂಗತಿಯನ್ನು ತಂದೆತಾಯಿಗೆ ತಿಳಿಸಬೇಕು. ಇಪ್ಪತ್ತನಾಲ್ಕು ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಈ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಪ್ರತಿಯೊಂದು ಠಾಣೆಯಲ್ಲಿಯೂ ಮಕ್ಕಳ ಕಲ್ಯಾಣಕ್ಕೆಂದು ಒಬ್ಬ ಪೊಲೀಸ್ ಅಧಿಕಾರಿಯನ್ನು ಗೊತ್ತುಮಾಡಿರಬೇಕು. ಮಗುವಿನ ಹೆಸರು, ಚಿತ್ರ, ವಿಳಾಸಗಳನ್ನು ಪತ್ರಿಕೆಗಳು ಪ್ರಕಟಿಸಕೂಡದು.

ಮಂಡಳಿಯು ಬುದ್ಧಿವಾದ ಹೇಳಿ ಬಿಡಬಹುದು, ಆಪ್ತಸಲಹೆಗೆ ಕಳಿಸಬಹುದು, ಸಮಾಜಸೇವೆ ಮಾಡಿಸಬಹುದು, ತಂದೆತಾಯಿಯರ ಅಥವಾ ಯೋಗ್ಯ ವ್ಯಕ್ತಿಯೊಬ್ಬರ ಹೊಣೆಯಲ್ಲಿ ಪರಿವೀಕ್ಷಣೆಗೆ ಒಪ್ಪಿಸಬಹುದು. ಕೊನೆಯ ಉಪಾಯವಾಗಿ ಮೂರು ವರ್ಷಗಳನ್ನು ಮೀರದಂತೆ ವಿಶೇಷ ಗೃಹದಲ್ಲಿ ಇರಿಸಬಹುದು. ಹದಿನಾರು ದಾಟಿದವರು ಘೋರ ಅಪರಾಧ ಮಾಡಿದರೆಂದು ಆರೋಪವಿದ್ದಾಗ ಮಾತ್ರ, ಅವರ ಮಾನಸಿಕ ಸಾಮರ್ಥ್ಯವನ್ನು ಪರೀಕ್ಷಿಸಿ, ದೊಡ್ಡವರಂತೆ ವಿಚಾರಣೆಗೆ ಒಳಪಡಿಸುವ ಅವಕಾಶವಿದೆ. ಹೈದರಾಬಾದಿನಲ್ಲಿ ಬಾಲಕರ ವೀಕ್ಷಣಾಲಯ ಸೈದಾಬಾದಿನಲ್ಲಿದೆ. ಬಾಲಕಿಯರದು ಕನ್ನಡಿಗರಿಗೆ ಸುಪರಿಚಿತವಾದ ಕಾಚಿಗುಡದ ನಿಂಬೋಳಿ ಅಡ್ಡದಲ್ಲಿದೆ.

ಮಕ್ಕಳನ್ನು ಕೆಡಿಸುವ ದೊಡ್ಡವರ ವಿಷಯದಲ್ಲಿ ಈ ಕಾಯಿದೆ ಕಠಿಣವಾಗಿದೆ. ಮಗುವಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವರಿಗೂ, ಅವುಗಳ ಮಾರಾಟಕ್ಕೆ ಮಗುವನ್ನು ಬಳಸಿದವರಿಗೂ ಏಳು ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಹದಿನೆಂಟು ತುಂಬದ ಮಗನ ಕೈಗೆ ಮೋಟಾರು ಬೈಕು ಕೊಡುವ ತಂದೆಯೂ ನೆನಪಿಡಬೇಕು: 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಆ ಮಗನು ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಸಜೆ, 25,000 ರೂಪಾಯಿ ದಂಡವಾಗಬಹುದು.

ಮಗುವೊಂದು ಸಿಕ್ಕಿಬಿದ್ದ ಸುದ್ದಿ ಬಂದಾಗ ಮರ್ಯಾದೆಗೆ ಅಂಜಿ ಮನೆಯವರು ಬಾಗಿಲು ಮುಚ್ಚಿಕೊಳ್ಳುವುದೇ ದೊಡ್ಡ ತಪ್ಪು. ಅದೇ ದಿನ ಹೋಗಿ ಮಗುವನ್ನು ಕಾಣಬೇಕು. ಜನನದ ದಾಖಲೆ, ಶಾಲೆಯ ಪತ್ರಗಳನ್ನು ಒಯ್ಯಬೇಕು. ಮಕ್ಕಳಿಗೆ ಉಚಿತ ಕಾನೂನು ನೆರವು ಹಕ್ಕಾಗಿಯೇ ದೊರೆಯುತ್ತದೆ. ಅದಕ್ಕೆ 15100ಕ್ಕೆ ಕರೆ ಮಾಡಬಹುದು. ಕಷ್ಟದಲ್ಲಿರುವ ಯಾವ ಮಗುವನ್ನು ಕಂಡರೂ 1098ಕ್ಕೆ ತಿಳಿಸಬಹುದು.

ನಮ್ಮ ಬಡಾವಣೆ, ನಮ್ಮ ಸಂಘ

ಅಪರಾಧಕ್ಕೆ ಮನಸ್ಸು ಬೇಕಾದಂತೆ ಅವಕಾಶವೂ ಬೇಕು. ಬೆಳಕಿಲ್ಲದ ಓಣಿ, ಪಾಳುಬಿದ್ದ ಕಟ್ಟಡ, ಯಾರೂ ಸುಳಿಯದ ಮೂಲೆ ಇವು ಅವಕಾಶವನ್ನು ಒದಗಿಸುತ್ತವೆ. 2016ರಲ್ಲಿ ನ್ಯೂಯಾರ್ಕಿನ ಕೆಲವು ಸಾರ್ವಜನಿಕ ವಸತಿಗಳಲ್ಲಿ ಹೆಚ್ಚಿನ ದೀಪಗಳನ್ನು ಹಾಕಿ ಪರೀಕ್ಷಿಸಿದಾಗ, ರಾತ್ರಿ ಹೊರಾಂಗಣದಲ್ಲಿ ನಡೆಯುವ ಅಪರಾಧಗಳು ಶೇಕಡಾ 36ರಷ್ಟು ಇಳಿದವು. ಹೈದರಾಬಾದಿನಲ್ಲಿ ಬೀದಿಬೀದಿಗೂ ಕ್ಯಾಮರಾಗಳು ಬಂದಿವೆ. ಅವು ಕಳ್ಳನನ್ನು ಹಿಡಿಯಲು ನೆರವಾಗುತ್ತವೆ. ಆದರೆ 'ಯಾಕಪ್ಪಾ, ಇವತ್ತು ಸ್ಕೂಲಿಗೆ ಹೋಗಲಿಲ್ಲವೇ?' ಎಂದು ಕೇಳಲಾರವು. ನಮ್ಮ ಹಳ್ಳಿ, ಕೇರಿಗಳಲ್ಲಿ ಆ ಪ್ರಶ್ನೆಯನ್ನು ಕಟ್ಟೆಯ ಮೇಲೆ ಕುಳಿತ ಅಜ್ಜ ಕೇಳುತ್ತಿದ್ದ, ನೀರಿಗೆ ಹೊರಟ ದೊಡ್ಡಮ್ಮ ಕೇಳುತ್ತಿದ್ದಳು. ವಲಸೆ ಬಂದ ಕುಟುಂಬವು ಊರಿನಲ್ಲಿ ಬಿಟ್ಟುಬಂದ ಆಸ್ತಿಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಕೇಳುವ ಬಾಯಿ.

ಹೈದರಾಬಾದಿಗೂ ಕನ್ನಡಿಗರಿಗೂ ಇರುವ ನಂಟು ಹಳೆಯದು. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ವಿದ್ಯಾಸಂಸ್ಥೆ ಮೊದಲಾದವುಗಳನ್ನು ಹಿರಿಯರು ಕಟ್ಟಿದ್ದು ಭಾಷೆಯೊಡನೆ ಬಳಗವೂ ಉಳಿಯಲೆಂದು. ನಮ್ಮಲ್ಲಿ ಬ್ಯಾಂಕು, ಕಾರ್ಖಾನೆ, ಸಾಫ್ಟ್‌ವೇರ್ ಕಚೇರಿಗಳಲ್ಲಿರುವವರಂತೆ, ಹೋಟೆಲುಗಳಲ್ಲಿ ದುಡಿಯುವ ತರುಣರೂ, ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳೂ ಇವೆ. ಕಟ್ಟಡ ಮುಗಿದೊಡನೆ ಠಾವು ಬದಲಾಗುತ್ತದೆ. ಕನ್ನಡದಲ್ಲಿ ಮೂರನೆಯ ತರಗತಿ ಓದಿದ ಮಗು ತೆಲುಗು ಶಾಲೆಯ ಬಾಗಿಲಲ್ಲಿ ತಬ್ಬಿಬ್ಬಾಗಿ ನಿಲ್ಲುತ್ತದೆ. ಓದು ಅಲ್ಲಿಗೇ ನಿಲ್ಲುತ್ತದೆ. ನಾವು ಮೇಲೆ ಹೇಳಿದ ತಿರುವು ಇದೇ.

ಇಲ್ಲಿ ಸಂಘಗಳು ಮಾಡಬಹುದಾದ ಕೆಲಸ ಅಪಾರ ಹಣ ಬೇಡುವಂತಹದಲ್ಲ. ವಾರಕ್ಕೆ ಎರಡು ಸಂಜೆ ಕನ್ನಡ ಮಕ್ಕಳಿಗೆ ತೆಲುಗು, ಗಣಿತಗಳ ಪಾಠ ನಡೆಸಬಹುದು. ಕಟ್ಟಡ ಕೆಲಸದ ಬಿಡಾರಗಳಿಗೆ ಹೋಗಿ ಶಾಲೆಗೆ ಸೇರದ ಮಕ್ಕಳ ಪಟ್ಟಿ ಮಾಡಿ, ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬಹುದು. ವಾರ್ಷಿಕೋತ್ಸವದ ದಿನವೇ ಕಣ್ಣು, ಕಿವಿಗಳ ತಪಾಸಣೆಯನ್ನು ಏರ್ಪಡಿಸಬಹುದು. ಹತ್ತನೆಯ ತರಗತಿಯಲ್ಲಿ ನಪಾಸಾದ ಹುಡುಗನಿಗೆ ನಮ್ಮಲ್ಲಿನ ಉದ್ಯಮಿಗಳು ಬೇಸಿಗೆಯ ಎರಡು ತಿಂಗಳಾದರೂ ಕೈಕೆಲಸ ಕಲಿಯುವ ಅವಕಾಶ ಕೊಡಬಹುದು. ಭಾಷೆ ಬಾರದ ತಾಯಿಯೊಬ್ಬಳು ಠಾಣೆಯ ಮುಂದೆಯೋ ಮಂಡಳಿಯ ಮುಂದೆಯೋ ನಿಂತಾಗ, ಅವಳ ಮಾತನ್ನು ತೆಲುಗಿಗೋ ಉರ್ದುವಿಗೋ ಹೇಳಿಕೊಡಲು ಇಬ್ಬರು ಮೂವರು ಸದಸ್ಯರು ಸಿದ್ಧರಿರಬಹುದು. ವೀಕ್ಷಣಾಲಯದಿಂದ ಹಿಂದಿರುಗಿದ ಹುಡುಗನನ್ನು ರಾಜ್ಯೋತ್ಸವದ ಪಂದ್ಯಕ್ಕೆ ಮತ್ತೆ ಹೆಸರು ಹಿಡಿದು ಕರೆಯಬಹುದು. ಈ ಕೊನೆಯದಕ್ಕೆ ಒಂದು ಕಾಸೂ ಬೇಕಿಲ್ಲ. ಬೇಕಾದದ್ದು ನಮ್ಮ ಮನಸ್ಸಿನ ಹಣೆಪಟ್ಟಿಯನ್ನು ಕಳಚುವ ಧೈರ್ಯ ಮಾತ್ರ.

ಪೊಲೀಸು, ನ್ಯಾಯಾಲಯ, ಸೆರೆಮನೆಗಳು ಸಮಾಜಕ್ಕೆ ಬೇಕು. ಔಷಧಾಲಯವಿಲ್ಲದೆ ಊರು ಬದುಕಲಾರದು. ಆದರೆ ಆಸ್ಪತ್ರೆಗಳ ಹಾಸಿಗೆಗಳನ್ನು ಎಣಿಸಿ ಊರಿನ ಆರೋಗ್ಯವನ್ನು ಅಳೆಯುವವರಿಲ್ಲ. ಮುಂದಿನ ವಾರ್ಷಿಕ ಸಭೆಯಲ್ಲಿ ಸಂಘದ ಕಾರ್ಯದರ್ಶಿಯವರು ಜಮಾ ಖರ್ಚಿನ ಲೆಕ್ಕದೊಡನೆ ಇನ್ನೊಂದು ಲೆಕ್ಕವನ್ನೂ ಓದುವಂತಾಗಲಿ: ಈ ವರ್ಷ ಶಾಲೆ ಬಿಡಲಿದ್ದ ಎಷ್ಟು ಮಕ್ಕಳನ್ನು ನಾವು ಶಾಲೆಯಲ್ಲಿ ಉಳಿಸಿದೆವು? ಆ ಅಂಕಿ ಐದೇ ಆಗಿದ್ದರೂ ಸಭೆ ಎದ್ದುನಿಂತು ಅಭಿನಂದಿಸಲು ಅದು ಸಾಕು.